ಒಂದಕ್ಷರದ ಅಪ್ಪ

ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಹೊಸದರಲ್ಲಿ ನನ್ನನ್ನು ಬಹಳ ಜನ ಕೇಳಿದ ಪ್ರಶ್ನೆ, ಸರ್ಟಿಫಿಕೇಟಿನಲ್ಲಿ ನಿಮ್ಮ ಹೆಸರಿನ ಮುಂದೆ ಇರುವ 'ಎಂ' ಅಂದರೆ ಏನು ಎಂಬುದು. ಈ ಕಡೆಯವರಿಗೆ ಇನಿಷಿಯಲ್ ಎಂದರೆ ಮೊದಲು ಊರು ನೆನಪಾಗುತ್ತದೆ. ಮದ್ದೂರೇ, ಮಳವಳ್ಳಿಯೇ, ಮೈಸೂರೇ ಎಂದು ಅವರೇ ಒಂದೊಂದಾಗಿ ಊರುಗಳನ್ನು ನನ್ನ ಮುಂದೆ ಇಡುತ್ತಿದ್ದರು. ನಾನು ಯಾವುದನ್ನೂ ಒಪ್ಪದೆ 'ಮುರುಗನ್' ಎನ್ನುತ್ತಿದ್ದೆ. ಓ, ನಿಮ್ಮ ತಂದೆಯವರಾ? ಅಲ್ಲ. ಹಾಗಾದರೆ ತಾತನಾ? ಅಲ್ಲ, ಕ್ಯಾಲೆಂಡರು. ಇಷ್ಟಾಗುವ ಹೊತ್ತಿಗೆ ಕೇಳಿದವರು, ಪಾಪ, ತಮಿಳುನಾಡಿನ ಹುಡುಗಿ, ಕನ್ನಡ ಪೂರ್ತಿ ಅರ್ಥವಾಗುವುದಿಲ್ಲ ಎಂದುಕೊಂಡು ಮಾತು ಬದಲಾಯಿಸುತ್ತಿದ್ದರು. ನಾನು ಹೇಳಿದ್ದು ಮಾತ್ರ ಸತ್ಯವಾಗಿತ್ತು. ನನ್ನ ಹೆಸರಿನ ಮುಂದಿರುವ ಅಕ್ಷರ ನನ್ನ ಅಪ್ಪನದಲ್ಲ. ಒಂದು ಪಳ್ಳಿಕೂಡದ, ಅಂದರೆ ಶಾಲೆಯ, ಗೋಡೆಯಲ್ಲಿ ತೂಗುತ್ತಿದ್ದ ಕ್ಯಾಲೆಂಡರಿನದು.

ಎಲ್ಲವನ್ನೂ ತಲೆಕೆಳಗಾಗಿ ಹೇಳುವುದು ನನ್ನ ಅಭ್ಯಾಸ, ಆದ್ದರಿಂದ ಮೊದಲಿಂದ ಬರುತ್ತೇನೆ. ನಮ್ಮದು ನೆಗಮಂ ಪಕ್ಕದ ಒಂದು ಹಳ್ಳಿ. ಪೊಳ್ಳಾಚಿಯಿಂದ ಪಲ್ಲಡಂ ಕಡೆಗೆ ಹೋಗುವ ಬಸ್ಸು ನಮ್ಮೂರಿನ ಹುಣಸೆಮರದ ಹತ್ತಿರ ನಿಲ್ಲುತ್ತದೆ, ಡ್ರೈವರಿಗೆ ಮನಸ್ಸಿದ್ದರೆ. ನಾವು ನೇಕಾರರು. ನಮ್ಮ ಬೀದಿಯವರೆಲ್ಲ ಯಾವ ಕಾಲದಲ್ಲೋ ಕನ್ನಡದ ಸೀಮೆಯಿಂದ ಬಂದವರಂತೆ. ಯಾವಾಗ, ಯಾಕೆ ಎಂದು ಕೇಳಿದರೆ ಒಬ್ಬೊಬ್ಬ ಹಿರಿಯರು ಒಂದೊಂದು ರಾಜನ ಮೇಲೆ ತಪ್ಪು ಹೊರಿಸುತ್ತಾರೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಆ ಕನ್ನಡವೂ ಎಂಥದ್ದೆಂದರೆ, ನನ್ನ ಅತ್ತೆ ಮೊದಲ ದಿನ ನನ್ನ ಮಾತು ಕೇಳಿ, 'ಹುಡುಗಿ ಮಾತಾಡಲ್ಲ, ಹಾಡ್ತಾಳೆ' ಎಂದಿದ್ದರು. ಕನ್ನಡದ ಅಕ್ಷರವಂತೂ ನಮ್ಮ ಬೀದಿಯಲ್ಲಿ ಯಾರಿಗೂ ಬಾರದು. ನಾನು ಕನ್ನಡ ಓದಲು ಕಲಿತದ್ದು ಮದುವೆಯಾದ ಮೇಲೆ, ಬಸ್ಸಿನ ಬೋರ್ಡುಗಳನ್ನೂ ಸಾಬೂನಿನ ಪೊಟ್ಟಣಗಳನ್ನೂ ನೋಡಿ ನೋಡಿ. ಇಲ್ಲಿ ಎಲ್ಲಾದರೂ ಒತ್ತಕ್ಷರ ತಪ್ಪಿದ್ದರೆ ಅದು ಸಾಬೂನಿನವರ ತಪ್ಪೆಂದು ತಿಳಿದು ಕ್ಷಮಿಸಬೇಕು.

ಕನ್ನಡದವರಿಗೆ ತಮಿಳುನಾಡಿನ ಇನಿಷಿಯಲ್ಲಿನ ಮಹಿಮೆ ಸುಲಭಕ್ಕೆ ಅರ್ಥವಾಗುವುದಿಲ್ಲ. ಅಲ್ಲಿ ಹೆಸರಿನ ಹಿಂದೆ ಮನೆತನದ ಬಾಲವಿಲ್ಲ, ಜಾತಿಯ ಬಾಲವನ್ನೂ ಬಹಳ ಜನ ಕತ್ತರಿಸಿ ಬಿಸಾಡಿದ್ದಾರೆ. ಉಳಿದದ್ದು ಒಂದೇ: ಅಪ್ಪನ ಹೆಸರಿನ ಮೊದಲ ಅಕ್ಷರ, ಆಮೇಲೆ ಒಂದು ಚುಕ್ಕೆ, ಆ ಚುಕ್ಕೆಯ ಪಕ್ಕದಲ್ಲಿ ನೀನು. ಅಪ್ಪ ಎಷ್ಟೇ ದೊಡ್ಡ ಆಳಾಗಿರಲಿ, ಎಷ್ಟೇ ಉದ್ದದ ಹೆಸರಿನವನಾಗಿರಲಿ, ಮಕ್ಕಳ ಹೆಸರಿನಲ್ಲಿ ಅವನಿಗೆ ಸಿಗುವ ಜಾಗ ಅಷ್ಟೇ. ಹೆಣ್ಣುಮಕ್ಕಳಿಗಂತೂ ಅದೂ ಮದುವೆಯ ತನಕ ಮಾತ್ರ. ತಾಳಿ ಬಿದ್ದ ಮೇಲೆ ಅಪ್ಪ ಇಳಿದು ಗಂಡ ಹತ್ತಿಕೊಳ್ಳುತ್ತಾನೆ, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹಾಗೆ.

ಮಾತನ್ನು ಮೊಟಕು ಮಾಡುವುದರಲ್ಲಿ ನಮ್ಮ ಸೀಮೆಯವರು ಮೊದಲಿಂದ ಧಾರಾಳಿಗಳು. ಕೋಯಮುತ್ತೂರು ಎನ್ನುವಷ್ಟರಲ್ಲಿ ಬಸ್ಸು ಹೊರಟುಹೋದೀತೆಂದು ಕೋವೈ ಎಂದರು. ಉಡುಮಲೈಪೇಟೆ ಉಡುಮಲೈ ಆಯಿತು. ಊರುಗಳೇನೂ ಕೋಪಿಸಿಕೊಳ್ಳಲಿಲ್ಲ. ಕನ್ನಡದ ಲಗ್ನಪತ್ರಿಕೆಯಲ್ಲಿ ಚಿರಂಜೀವಿ ಹೋಗಿ 'ಚಿ.' ಆಗಿದ್ದಾನೆ, ಸೌಭಾಗ್ಯವತಿ 'ಸೌ.' ಆಗಿದ್ದಾಳೆ. ಒಬ್ಬ ಮನುಷ್ಯ ಚಿರಕಾಲ ಬದುಕಲಿ ಎಂದು ಹರಸಲು ಹೊರಟವರಿಗೆ ಇನ್ನು ಮೂರು ಅಕ್ಷರ ಕೂಡಿಸಲು ಪುರಸೊತ್ತಿಲ್ಲ. ಹೆಂಡತಿ ಗಂಡನನ್ನು ಕರೆಯುವ 'ರೀ' ಎಂಬ ಮಾತನ್ನು ನೋಡಿ. ಬನ್ನಿರಿ, ನೋಡಿರಿ, ಕೇಳಿರಿ ಎಂಬ ಎಷ್ಟೋ ಮಾತುಗಳ ತಲೆ, ಮೈ ಎಲ್ಲ ಬಿದ್ದುಹೋಗಿ ಬಾಲ ಮಾತ್ರ ಉಳಿದಿದೆ, ಆ ಬಾಲದಿಂದಲೇ ಒಂದು ಸಂಸಾರ ಪೂರ್ತಿ ನಡೆಯುತ್ತದೆ. ನಮ್ಮ ಕಡೆ ಅದಕ್ಕೆ 'ಏನುಂಗ' ಎನ್ನುತ್ತಾರೆ. 'ಏನ್ರೀ' ಎಂಬುದರ ದಾಯಾದಿ. ನನ್ನ ಅವ್ವ ತನ್ನ ಬಾಳುವೆಯನ್ನೆಲ್ಲ ಆ 'ಏನುಂಗ'ದಲ್ಲೇ ಕಳೆದಳು.

ಮೊಟಕು ಮಾಡಿದ ಮಾತಿಗೆ ಒಂದು ಷರತ್ತಿದೆ. ಪೂರ್ತಿ ಮಾತು ಯಾರಿಗಾದರೂ ಗೊತ್ತಿರಬೇಕು, ಮತ್ತು ಗೊತ್ತಿದ್ದವರು ಅದನ್ನು ಹೇಳಬೇಕು. ನಮ್ಮ ಮನೆಯಲ್ಲಿ ಎಡವಟ್ಟಾದದ್ದು ಇಲ್ಲೇ.

ಅವ್ವ ಗಂಡನ ಹೆಸರು ಹೇಳುವವಳಲ್ಲ. ಆ ಕಾಲದ ಯಾವ ಹೆಂಗಸೂ ಹೇಳುತ್ತಿರಲಿಲ್ಲ ಎನ್ನಬಹುದು, ನಿಜ. ಆದರೆ ಅವ್ವನ ನೇಮ ಉಳಿದವರದಕ್ಕಿಂತ ಒಂದು ಕೈ ಮೇಲು. ಅಪ್ಪನ ಹೆಸರು ಪಳನಿಸ್ವಾಮಿ. ಅವ್ವನಿಗೆ ಆ ಹೆಸರು ಪೂರ್ತಿಯಾಗಿಯೂ ಬೇಡ, ತುಂಡಾಗಿಯೂ ಬೇಡ. ಹಾಗಾಗಿ ಪಳನಿ ಎಂಬ ಊರು ಅವಳ ಬಾಯಿಂದ ಮಾಯವಾಯಿತು. ಸ್ವಾಮಿ ಎಂಬ ಮಾತೂ ಹೋಯಿತು. ನಮ್ಮ ಸೀಮೆಯಲ್ಲಿ ಎದುರಿಗೆ ಬಂದ ಹಿರಿಯನೂ ಸಾಮಿ, ತರಕಾರಿ ಮಾರುವವನೂ ಸಾಮಿ, ಶಬರಿಮಲೆಗೆ ಮಾಲೆ ಹಾಕಿದ ಪಕ್ಕದ ಮನೆಯ ಪಡ್ಡೆ ಹುಡುಗನೂ ಸಾಮಿ. ಅಂಥ ಕಡೆ ಆ ಮಾತನ್ನು ಬಿಟ್ಟು ಬದುಕುವುದು ಉಪ್ಪು ಬಿಟ್ಟು ಅಡಿಗೆ ಮಾಡಿದಂತೆ. ಅವ್ವ ಮಾಡಿದಳು.

ಒಮ್ಮೆ ನಾವು ಹೆಂಗಸರಷ್ಟೇ ಪಳನಿಗೆ ಹೊರಟಿದ್ದೆವು. ಕಂಡಕ್ಟರು ಎಲ್ಲಿಗೆ ಎಂದು ಕೇಳಿದ. ಅವ್ವ, ಉಡುಮಲೈ ದಾಟಿ ಮುಂದೆ, ಬೆಟ್ಟ ಇರುವ ಊರು ಎಂದು ತಮಿಳಿನಲ್ಲಿ ವರ್ಣಿಸಿದಳು. ಪಶ್ಚಿಮಘಟ್ಟದ ಬುಡದಲ್ಲಿ ಬೆಟ್ಟವಿಲ್ಲದ ಊರನ್ನು ಹುಡುಕುವುದೇ ಕಷ್ಟ. ಅವನು ನಾಲ್ಕು ಊರು ಹೇಳಿದ, ಅವ್ವ ನಾಲ್ಕಕ್ಕೂ ತಲೆ ಅಡ್ಡ ಆಡಿಸಿದಳು. ಕಡೆಗೆ ಹಿಂದಿನ ಸೀಟಿನ ಅಜ್ಜಿಯೊಬ್ಬಳು, 'ಅದು ಪಳನಿ ಕಣಪ್ಪ, ಅವಳ ಗಂಡನ ಹೆಸರಿರಬೇಕು, ಟಿಕೀಟು ಹರಿ' ಎಂದಳು. ಇಡೀ ಬಸ್ಸು ನಕ್ಕಿತು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ತಾನೂ ನಕ್ಕಳು, ಮುಖ ಮಾತ್ರ ಹೊಸ ಮದುವಣಗಿತ್ತಿಯ ಹಾಗೆ ಕೆಂಪಾಗಿತ್ತು.

ಉತ್ತರ ಕರ್ನಾಟಕದ ಕಡೆ ಮದುವೆಯಲ್ಲಿ ಒಡಪು ಕಟ್ಟಿಸಿ ಹೆಣ್ಣಿನ ಬಾಯಲ್ಲಿ ಗಂಡನ ಹೆಸರು ಹೇಳಿಸುತ್ತಾರೆ ಎಂದು ನನಗೆ ಇಲ್ಲಿಗೆ ಬಂದ ಮೇಲೆ ತಿಳಿಯಿತು. ಎರಡು ಸಾಲಿನ ಪದ ಕಟ್ಟಿ, ಕೊನೆಗೆ ಹೆಸರನ್ನು ಹೂವಿನ ಹಾಗೆ ಮುಡಿಸುತ್ತಾರೆ. ಎಂಥ ಜಾಣ ಜನ. ನಿಷೇಧವನ್ನೂ ಇಟ್ಟುಕೊಂಡು ಅದಕ್ಕೊಂದು ಹಿತ್ತಲ ಬಾಗಿಲನ್ನೂ ಇಟ್ಟುಕೊಂಡರು. ನಮ್ಮವರು ವಲಸೆ ಬರುವಾಗ ಮಗ್ಗ ತಂದರು, ದೇವರನ್ನು ತಂದರು, ಈ ನಿಷೇಧವನ್ನೂ ಹೊತ್ತುಕೊಂಡು ಬಂದರು, ಒಡಪು ಮಾತ್ರ ನಮ್ಮ ಪಾಲಿಗೆ ಬರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ನಿಜವಾಗಿ ಹೊಟ್ಟೆಯುರಿಯುತ್ತದೆ.

ಯಾಕೆ ಹೇಳಬಾರದು ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. ಅವ್ವ ಕದಿರಿನ ಚಕ್ರ ತಿರುಗಿಸುತ್ತಲೇ, ನಮ್ಮ ಕಡೆ ಮಕ್ಕಳನ್ನು ಮುದ್ದಿಗೆ ಕರೆಯುವಂತೆ ನನ್ನನ್ನು 'ಕಣ್ಣು' ಎಂದು ಕರೆದು ಹೇಳಿದಳು: 'ಹೇಳಿದ್ರೆ ಅವ್ರ ಆಯುಸ್ಸು ಕಮ್ಮಿ ಆಗುತ್ತೆ ಕಣ್ಣು. ಒಂದ್ ದಪ ಹೇಳಿದ್ರೆ ಒಂದ್ ದಪಕ್ಕೆ ಕಮ್ಮಿ.' ನಾನು ಆ ಕ್ಷಣ ಅಪ್ಪನ ಕಡೆ ತಿರುಗಿ ನೋಡಿದ್ದು ನೆನಪಿದೆ. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡು, ಬೀದಿಯವರೆಲ್ಲ ದಿನವಿಡೀ ತನ್ನ ಹೆಸರು ಕೂಗುತ್ತಿದ್ದರೂ ಏನೂ ಆಗದವರಂತೆ ಸೀರೆ ನೇಯುತ್ತಿದ್ದರು.

ಇನ್ನು ಪಳ್ಳಿಕೂಡದ ಕತೆಗೆ ಬರುತ್ತೇನೆ. ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಬೇಕಾದ ದಿನ ಅಪ್ಪ ಬೀದಿಯಲ್ಲಿ ಹಾಸು ಹಾಕಿದ್ದರು. ನೇಯ್ಗೆಯ ಮನೆಯವರಲ್ಲದವರಿಗೆ ಇದನ್ನು ಹೇಳಬೇಕು: ಸೀರೆಗೆ ಬೇಕಾದ ಉದ್ದನೆಯ ನೂಲನ್ನೆಲ್ಲ ಬೆಳಗಿನ ತಂಪಿನಲ್ಲಿ ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಬೇಕು. ಬಿಸಿಲೇರುವುದರೊಳಗೆ ಮುಗಿಯಬೇಕು. ಮಧ್ಯದಲ್ಲಿ ಬಿಟ್ಟು ಹೋದರೆ ಗಂಜಿ ಒಣಗಿ, ನೂಲು ಒಂದಕ್ಕೊಂದು ಅಂಟಿ, ಅಷ್ಟು ದಿನದ ಕೆಲಸ ಮಣ್ಣು. ವಾಧ್ಯಾರು ಬೇರೆ, ಅಂದರೆ ಮೇಷ್ಟ್ರು, ಇವತ್ತು ಬಿಟ್ಟರೆ ಮುಂದಿನ ವರ್ಷವೇ ಎಂದು ಹೇಳಿ ಕಳಿಸಿದ್ದರು. ಹಾಗಾಗಿ ಅವ್ವ ಹೊರಟಳು. ಮಾಮೂಲಾಗಿ ಕಚೇರಿ, ಪಳ್ಳಿಕೂಡ, ರೇಷನ್ನು ಎಲ್ಲ ಅಪ್ಪನ ಇಲಾಖೆ. ಅವ್ವ ಅಂಥ ಕೆಲಸಕ್ಕೆ ಒಬ್ಬಳೇ ಹೋದದ್ದು ಅದೊಂದೇ ಸಲ.

ನನ್ನ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಆ ಕಡೆಯ ಕಿವಿ ಮುಟ್ಟಿಸಿದರು. ಕಿವಿ ಸಿಕ್ಕಿತು, ವಯಸ್ಸಾಗಿದೆ ಎಂದಾಯಿತು. ಹೆಸರು ಕೇಳಿದರು, ರುಕ್ಮಣಿ ಎಂದೆ. ಅಪ್ಪನ ಹೆಸರು ಕೇಳಿದರು. ನಾನು ಬಾಯಿ ತೆರೆಯಲಿಲ್ಲ. ಮನೆಯಲ್ಲಿ ಅವ್ವನ ಬಾಯಿಂದ ಕೇಳದ ಹೆಸರನ್ನು ನಾನೂ ಹೇಳಬಾರದೇನೋ, ನಾನು ಹೇಳಿದರೂ ಆಯುಸ್ಸು ಸವೆದೀತೇನೋ ಎಂಬ ಭಯ. ವಾಧ್ಯಾರು ಅವ್ವನ ಕಡೆ ತಿರುಗಿದರು. ಅವ್ವ ನೆಲ ನೋಡಿದಳು, ಬಾಗಿಲು ನೋಡಿದಳು, ಹೊರಗೆ ನಮ್ಮ ಬೀದಿಯವರು ಯಾರಾದರೂ ಹೋಗುತ್ತಿದ್ದಾರೆಯೇ ಎಂದು ನೋಡಿದಳು. ಎಲ್ಲರೂ ಹಾಸಿನ ಹತ್ತಿರ ಇದ್ದರು. ಆಗ ಅವಳ ಕಣ್ಣಿಗೆ ಗೋಡೆಯ ಕ್ಯಾಲೆಂಡರು ಬಿತ್ತು. ಪಳನಿಯ ಆಂಡವ, ಅಂದರೆ ಪಳನಿಯ ಸ್ವಾಮಿಯೇ: ಬೋಳು ತಲೆ, ಕೌಪೀನ, ಕೈಯಲ್ಲಿ ದಂಡ. ಲೋಕದಲ್ಲಿ ಇದಕ್ಕಿಂತ ಸ್ಪಷ್ಟವಾದ ಉತ್ತರ ಇನ್ನೇನಿದೆ ಎಂದು ಅವ್ವನಿಗೆ ಅನ್ನಿಸಿತು. ಕೈಯೆತ್ತಿ ತೋರಿಸಿದಳು.

'ಮುರುಗನ್‌ಧಾನೇ?' ಎಂದರು ವಾಧ್ಯಾರು.

ಆ ದೇವರಿಗೆ ಹೆಸರುಗಳಿಗೇನು ಕೊರತೆ. ಮುರುಗ, ಕಂದ, ವೇಲು, ಆರ್ಮುಗಂ, ದಂಡಪಾಣಿ, ಸುಬ್ರಮಣಿ. ಒಂದು ಹಳ್ಳಿಯ ಗಂಡಸರಿಗೆಲ್ಲ ಹಂಚಿದರೂ ಮಿಗುತ್ತದೆ. ಪಟದಲ್ಲಿದ್ದವನು ಮುರುಗನಲ್ಲ ಎಂದು ಹೇಳಿದರೆ ದೇವರಿಗೆ ಸುಳ್ಳು. ಹೌದು ಎಂದರೆ ಗಂಡನಿಗೆ ಸುಳ್ಳು. ಅಲ್ಲ, ಇವನು ಇಂಥ ಬೆಟ್ಟದವನು ಎಂದು ವಿವರಿಸೋಣವೆಂದರೆ ಆ ಬೆಟ್ಟದ ಹೆಸರೇ ಹೇಳಬಾರದ ಹೆಸರು. ಅವ್ವ ತಲೆ ಆಡಿಸಿದಳು. ವಾಧ್ಯಾರು 'ಮು. ರುಕ್ಮಣಿ' ಎಂದು ಬರೆದುಕೊಂಡರು. ಮಳೆ ಬಂದು ನಿಂತಷ್ಟು ಸುಲಭವಾಗಿ ನನಗೆ ಬೇರೊಬ್ಬ ಅಪ್ಪ ಆಗಿಹೋದ.

ಮನೆಯಲ್ಲಿ ಇದು ಗೊತ್ತಾದದ್ದು ನಾನು ನನ್ನ ಹೆಸರನ್ನು ಹಲಗೆಯ ಮೇಲೆ ಬರೆಯಲು ಕಲಿತ ದಿನ. ಅಪ್ಪನಿಗೆ ತೋರಿಸಲು ಮಗ್ಗದ ಹತ್ತಿರ ಓಡಿದೆ. ಅಪ್ಪ ಓದಿದರು, ಇನ್ನೊಮ್ಮೆ ಓದಿದರು, ಲಾಳಿ ಪಕ್ಕಕ್ಕಿಟ್ಟು, 'ಇದ್ಯಾರು ಮು?' ಎಂದು ಕೇಳಿದರು. ನಾನು ಕ್ಯಾಲೆಂಡರಿನ ಕತೆ ಹೇಳಿದೆ. ಅಪ್ಪ ನಕ್ಕ ನಗುವಿಗೆ ಪಕ್ಕದ ಮನೆಯ ಮಗ್ಗ ನಿಂತಿತು. ಆಮೇಲೆ ಎಷ್ಟೋ ವರ್ಷ ಅದೊಂದು ತಮಾಷೆಯಾಯಿತು. ಹೊಸ ಕ್ಯಾಲೆಂಡರು ತಂದು ಮೊಳೆಗೆ ಹಾಕುವಾಗ, 'ತಕ್ಕೊ, ನಿನ್ನ ವೀಟ್ಟುಕಾರನ ತಂದು ತೂಗ್ಹಾಕಿದೀನಿ, ಅವನ್ಗೂ ಒಂದ್ ಲೋಟ ಕಾಪಿ ಕೊಡು' ಎನ್ನುತ್ತಿದ್ದರು. ವೀಟ್ಟುಕಾರ ಎಂದರೆ ಮನೆಯವನು, ಗಂಡ. ಅವ್ವ ಸೌಟು ತೋರಿಸುತ್ತಿದ್ದಳು.

ಆದರೆ ಅಪ್ಪನಿಗೆ ಆ ಅಕ್ಷರ ಬರಿಯ ತಮಾಷೆಯಾಗಿರಲಿಲ್ಲ. ಅದು ನನಗೆ ತಿಳಿಯಲು ನಾನು ಸ್ವಲ್ಪ ಬೆಳೆಯಬೇಕಾಯಿತು.

ನಮ್ಮ ಬೀದಿಯ ಸೀರೆಗಳೆಲ್ಲ ಒಬ್ಬ ಸಾಹುಕಾರರ ಅಂಗಡಿಗೆ ಹೋಗುತ್ತಿದ್ದವು. ಅಲ್ಲಿ ಯಾರ ಸೀರೆ ಯಾವುದು ಎಂದು ಗೊತ್ತಾಗಲೆಂದು ಪ್ರತಿಯೊಬ್ಬರೂ ಸೀರೆಯ ಒಳಗಿನ ಕೊನೆಯಲ್ಲಿ, ಸೊಂಟದಲ್ಲಿ ಸಿಕ್ಕಿಸಿದರೆ ಕಾಣದಂಥ ಕಡೆ, ಕೆಂಪು ನೂಲಿನಲ್ಲಿ ಒಂದು ಗುರುತು ಇಡುತ್ತಿದ್ದರು. ಕೆಲವರದು ಚುಕ್ಕೆ, ಕೆಲವರದು ಅಡ್ಡಗೆರೆ. ಅಪ್ಪನದು ತಮಿಳಿನ 'ಪ'. ನಿಮ್ಮಲ್ಲಿ ತಮಿಳು ಬಾರದವರಿಗೆ ಹೇಳುತ್ತೇನೆ, ಅದು ಲೋಕದ ಅತಿ ಸರಳವಾದ ಅಕ್ಷರ. ಎಡಕ್ಕೊಂದು ಗೆರೆ, ಕೆಳಗೊಂದು ಗೆರೆ, ಬಲಕ್ಕೊಂದು ಗೆರೆ. ಮುಚ್ಚಳವಿಲ್ಲದ ಪೆಟ್ಟಿಗೆ. ನೂಲು ನೇರವಾಗಿ ಹೋಗುತ್ತದೆ, ಅಡ್ಡವಾಗಿ ಹೋಗುತ್ತದೆ, ಅದಕ್ಕೆ ಬಳುಕಲು ಬಾರದು. ಆದ್ದರಿಂದ ತನ್ನ ಅಕ್ಷರ ಮಗ್ಗಕ್ಕೆಂದೇ ಹುಟ್ಟಿದ್ದು ಎಂದು ಅಪ್ಪನಿಗೆ ದೊಡ್ಡ ಹೆಮ್ಮೆ. 'ಮು'ವಿಗೆ ಕೆಳಗೊಂದು ಕೊಂಡಿ ಇದೆ, ಅದನ್ನು ಯಾವ ನೇಕಾರನೂ ನೂಲಲ್ಲಿ ಎತ್ತಲಾರ ಎಂದು ಒಮ್ಮೆ ಹೇಳಿದ್ದರು. ಹೇಳುವಾಗ ನಗುತ್ತಿರಲಿಲ್ಲ.

ನಾನು ಒಬ್ಬಳೇ ಮಗಳು. ಊರಿನ ಯಾರ ಯಾರ ಸೊಂಟದಲ್ಲೋ ಅಪ್ಪನ ಅಕ್ಷರ ಇತ್ತು, ಪೊಳ್ಳಾಚಿಯ ಸಂತೆಯಲ್ಲಿ ಇತ್ತು, ಕೋವೈಯ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಮಡಿಸಿಟ್ಟಿತ್ತು. ಇರಬೇಕಾದ ಒಂದೇ ಒಂದು ಕಡೆ ಇರಲಿಲ್ಲ. ಅವರು ನೇಯದ ಕಡೆ, ಯಾರೋ ಗೋಡೆ ನೋಡಿ ಬರೆದುಬಿಟ್ಟಿದ್ದರು.

ಅಪ್ಪ ಸುಮ್ಮನೆ ಕೂತವರಲ್ಲ. ಒಮ್ಮೆ ಬಿಳಿ ಅಂಗಿ ಹಾಕಿಕೊಂಡು ಪಳ್ಳಿಕೂಡಕ್ಕೆ ಹೋದರು. ಹತ್ತನೇ ಕ್ಲಾಸಿನಲ್ಲಿ ಸರ್ಟಿಫಿಕೇಟು ಬರೆಯುವಾಗ ಸರಿಮಾಡಿಕೊಳ್ಳಿ ಎಂದರು ಅಲ್ಲಿನವರು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹತ್ತನೇ ಕ್ಲಾಸಿಗೆ ಬಂದಾಗ ಇನ್ನೊಮ್ಮೆ ಹೋದರು. ಮೊದಲೇ ಸರಿಮಾಡಿಸಬೇಕಿತ್ತು, ಈಗ ಮದ್ರಾಸಿಗೆ ಬರೆಯಬೇಕು, ಗೆಜೆಟ್ಟಿನಲ್ಲಿ ಬರಬೇಕು ಎಂದರು. ಗೆಜೆಟ್ಟು ಎಂದರೇನೆಂದು ಅಪ್ಪ ಬೀದಿಯಲ್ಲೆಲ್ಲ ಕೇಳಿದರು. ಒಬ್ಬರು ಪೇಪರು ಎಂದರು, ಇನ್ನೊಬ್ಬರು ಕೋರ್ಟು ಎಂದರು. ಕೋರ್ಟು ಎಂದ ಮೇಲೆ ಅಪ್ಪ ಬಿಳಿ ಅಂಗಿ ಕಳಚಿ ಮೊಳೆಗೆ ಹಾಕಿದರು. 'ಬಿಡು ಕಣ್ಣು. ಮುರುಗನೂ ಒಳ್ಳೇ ಆಳೇ' ಎಂದು ನನ್ನ ತಲೆ ಸವರಿದರು. ಅವ್ವ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಬಹಳ ಹೊತ್ತಿನವರೆಗೆ ಒಂದೇ ಪಾತ್ರೆ ತಿಕ್ಕುವ ಸದ್ದು ಕೇಳಿಸುತ್ತಿತ್ತು.

ಆಮೇಲೆ ನನ್ನ ಮದುವೆ ನಿಶ್ಚಯವಾಯಿತು. ಲಗ್ನಪತ್ರಿಕೆ ಎಂಬುದು ಯಾವ ಕಚೇರಿಗೂ ಸೇರದ ಕಾಗದ. ಅದರಲ್ಲಿ ಏನು ಬರೆಯಬೇಕೆಂದು ಹೆಣ್ಣಿನ ಅಪ್ಪನೇ ಹೇಳಬಹುದು. ಅಪ್ಪ ಪೊಳ್ಳಾಚಿಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನ ಪಕ್ಕದಲ್ಲೇ ನಿಂತು, 'ಪ. ರುಕ್ಮಣಿ' ಎಂದು ಕೂಡಿಸಿದ ಮೇಲೆಯೇ ಮನೆಗೆ ಬಂದರು. ಅರಿಶಿನ ಹಚ್ಚಿದ ಮೊದಲ ಪತ್ರಿಕೆಯನ್ನು ದೇವರ ಮುಂದೆ ಇಡುವ ಬದಲು ನನ್ನ ಕೈಗೆ ಕೊಟ್ಟು ಓದು ಎಂದರು. ನಾನು ಗಟ್ಟಿಯಾಗಿ ಓದಿದೆ. ಇನ್ನೊಂದ್ ಸಲ ಎಂದರು. ಮತ್ತೆ ಓದಿದೆ. ಅವರ ಕಣ್ಣು ತುಂಬಿದ್ದು ಮಗಳು ಹೊರಟುಹೋಗುತ್ತಾಳೆಂಬುದಕ್ಕೆ ಎಂದು ಬಂದವರೆಲ್ಲ ತಿಳಿದರು. ನನಗೆ ಗೊತ್ತಿತ್ತು. ಅಪ್ಪನ ಅಕ್ಷರ ನನ್ನ ಹೆಸರಿನ ಪಕ್ಕಕ್ಕೆ ಬಂದು ಕೂತದ್ದು, ಅದು ಅಲ್ಲಿಂದ ಎದ್ದು ಹೋಗಬೇಕಾದ ದಿನವನ್ನು ಸಾರುವ ಕಾಗದದಲ್ಲಿ. ಧಾರೆಯ ಸೀರೆಯನ್ನೂ ಅಪ್ಪನೇ ನೇಯ್ದಿದ್ದರು. ಅದರ ಕೊನೆಯಲ್ಲಿ ಕೆಂಪು 'ಪ' ಮಾಮೂಲಿಗಿಂತ ದೊಡ್ಡದಾಗಿತ್ತು. ಸೊಂಟಕ್ಕೆ ಸಿಕ್ಕಿಸಿದಾಗ ಅದು ನನಗೆ ಚುಚ್ಚುತ್ತಿತ್ತು, ಧಾರೆ ಮುಗಿಯುವ ತನಕ.

ಗಂಡನ ಮನೆಯ ರೇಷನ್ ಕಾರ್ಡಿನಲ್ಲಿ ನಾನು ರುಕ್ಮಣಿ ನಾಗರಾಜ್ ಆದೆ. ಅಂದರೆ ಪೂರ್ತಿ ಗಂಡ ಬಂದು ಕೂತ, ಒಂದಕ್ಷರದ ಅಪ್ಪನಿಗೆ ಜಾಗ ಉಳಿಯಲಿಲ್ಲ. ಸರ್ಟಿಫಿಕೇಟಿನಲ್ಲಿ ಮಾತ್ರ ಮುರುಗ ಕದಲಲಿಲ್ಲ. ಹೊಲಿಗೆ ಟೀಚರ್ ಕೆಲಸಕ್ಕೆ ಹೋದಾಗ ಅವನೇ ನನ್ನನ್ನು ಕರೆದುಕೊಂಡು ಹೋದ. ಮದ್ದೂರೇ, ಮಳವಳ್ಳಿಯೇ ಎಂಬ ಪ್ರಶ್ನೆಗಳು ಹುಟ್ಟಿದ್ದು ಅಲ್ಲೇ. ನನ್ನ ಗಂಡನಿಗೆ ನಾನು ಹೆಸರು ಹಿಡಿದು ಕರೆದರೂ ಆಕ್ಷೇಪವಿಲ್ಲ. ಆದರೂ ನಾನು 'ರೀ' ಎನ್ನುತ್ತೇನೆ. ಎಷ್ಟು ಓದಿದರೂ, ಆಯುಸ್ಸಿನ ವಿಷಯದಲ್ಲಿ ಯಾಕೆ ಸುಮ್ಮನೆ ಪರೀಕ್ಷೆ ಮಾಡುವುದು ಎಂಬ ಅವ್ವನ ಲೆಕ್ಕಾಚಾರ ನನ್ನೊಳಗೂ ಒಂದು ಮೂಲೆಯಲ್ಲಿ ಕೂತಿದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಅಪ್ಪ ಹೋದರು. ಅರವತ್ತು ತುಂಬಿರಲಿಲ್ಲ. ಬೀದಿಯಲ್ಲಿ ಹಾಸು ಎಳೆದು ಕಟ್ಟುತ್ತಿದ್ದವರು ಎದೆ ಹಿಡಿದುಕೊಂಡು ಗೂಟದ ಪಕ್ಕದಲ್ಲಿ ಕೂತರಂತೆ. ಬೀದಿಯವರು ಒಬ್ಬರಾದ ಮೇಲೊಬ್ಬರು ಅವರ ಹೆಸರು ಹಿಡಿದು ಕೂಗಿದರಂತೆ. ಅವ್ವ ಮಾತ್ರ 'ಏನುಂಗ, ಏನುಂಗ' ಎಂದು ಅಲುಗಾಡಿಸುತ್ತಲೇ ಇದ್ದಳಂತೆ. ನಾನು ಕೊಳ್ಳೇಗಾಲದಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಸಿನ ಕೆಲಸ ಪಕ್ಕದ ಮನೆಯವರು ಮುಗಿಸಿ, ಸುತ್ತಿ, ನಮ್ಮ ಮಗ್ಗದ ಮೇಲೆ ಇಟ್ಟು ಹೋಗಿದ್ದರು.

ಸೂತಕದ ದಿನಗಳಲ್ಲಿ ಅವ್ವ ಗೋಡೆಗೊರಗಿ ಕೂತಿರುತ್ತಿದ್ದಳು. ಎದುರಿಗೆ ಆ ವರ್ಷದ ಕ್ಯಾಲೆಂಡರು, ಅದೇ ಬೋಳು ತಲೆ, ಅದೇ ದಂಡ. ಒಂದು ಮಧ್ಯಾಹ್ನ ನಾನು ಕೇಳದೆಯೇ ಮಾತಾಡಿದಳು.

'ಬೆರಳಲ್ಲಿ ಗೀಚಿ ತೋರ್ಸಬೋದಾಗಿತ್ತು ಕಣ್ಣು.'

ಏನು ಎಂದೆ.

'ಅಂದು ಪಳ್ಳಿಕೂಡದಲ್ಲಿ. ನನ್ಗೆ ಓದಕ್ಕೆ ಬರಲ್ಲ ಸರಿ, ಸೇಲೆ ಕೊನೇಲಿ ಅವ್ರು ಹಾಕ್ತಿದ್ರಲ್ಲ, ಆ ಗುರುತು ಬರುತ್ತೆ. ಮಣ್ಣಲ್ಲಿ ಮೂರ್ ಗೆರೆ ಎಳ್ದಿದ್ರೆ ಆ ವಾಧ್ಯಾರ್ಗೆ ಗೊತ್ತಾಗಿರೋದು. ಗೀಚಿದ್ರೆ ಬಾಯಲ್ಲಿ ಹೇಳ್ದಂಗೆ ಆಗಲ್ಲ, ಅಲ್ವಾ. ತೋಚ್ಲಿಲ್ಲ.' ಕ್ಯಾಲೆಂಡರಿನ ಕಡೆ ನೋಡುತ್ತ, 'ಹೇಳ್ದೆ ಇದ್ದು ಇದ್ದು ಏನು ಉಳ್ಸಿಕೊಂಡೆ' ಎಂದಳು.

ಇಷ್ಟು ವರ್ಷ ನಾವು ನಗಾಡಿದ ಒಂದು ತಮಾಷೆಯನ್ನು ಅವ್ವ ಒಬ್ಬಳೇ ಬೇರೆ ರೀತಿಯಲ್ಲಿ ಹೊತ್ತುಕೊಂಡಿದ್ದಳು. ಗಂಡನ ಆಯುಸ್ಸು ಉಳಿಯಲೆಂದು ಅವನ ಹೆಸರನ್ನು ನಾಲಗೆಯಿಂದ ದೂರವಿಟ್ಟಳು. ಅದಕ್ಕಾಗಿ ಮಗಳ ಹೆಸರಿನಿಂದಲೂ ಅವನು ದೂರವಾದ. ಕೊನೆಗೆ ಆಯುಸ್ಸೂ ಉಳಿಯಲಿಲ್ಲ. ಈ ವ್ಯಾಪಾರದಲ್ಲಿ ಯಾರಿಗೆ ಏನು ಸಿಕ್ಕಿತು ಎಂದು ನಾನು ಈಗಲೂ ಯೋಚಿಸುತ್ತೇನೆ. ದುಃಖವಾಗುತ್ತದೆ, ಅಷ್ಟೇ.

ಕೆಲವು ವಾರಗಳ ಮೇಲೆ ಅವ್ವನಿಗೆ ವಿಧವಾ ಪಿಂಚಣಿಗೆ ಬರೆಸಲೆಂದು ಪೊಳ್ಳಾಚಿಯ ಕಚೇರಿಗೆ ಹೋದೆವು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ತಯಾರಿ ನಡೆಸಿದ್ದೆ: ಹೆಸರು ಕೇಳಿದ ಕೂಡಲೇ ನಾನೇ ಹೇಳಿಬಿಡಬೇಕು, ಅವ್ವನಿಗೆ ತೊಂದರೆ ಕೊಡಬಾರದು, ಮುಖ್ಯವಾಗಿ ಗೋಡೆಯ ಮೇಲೆ ಯಾವ ಕ್ಯಾಲೆಂಡರಿದೆ ಎಂದು ಮೊದಲೇ ನೋಡಿಕೊಳ್ಳಬೇಕು. ಗೋಡೆಯಲ್ಲಿ ಲಕ್ಷ್ಮಿ ಇದ್ದಳು. ಗುಮಾಸ್ತರು ತಲೆ ಎತ್ತದೆ ಅವ್ವನ ಹೆಸರು ಕೇಳಿದರು. ರಂಗಮ್ಮಾಳ್ ಎಂದಳು. 'ವೀಟ್ಟುಕಾರರ್ ಪೇರು?' ಎಂದರು. ನಾನು ಬಾಯಿ ತೆರೆದೆ. ಅವ್ವ ನನ್ನ ಮೊಣಕೈ ಹಿಡಿದಳು.

'ಪಳನಿಸಾಮಿ' ಎಂದಳು.

ನನ್ನ ಬದುಕಿನಲ್ಲಿ ನಾನು ಅವಳ ದನಿಯಲ್ಲಿ ಆ ಹೆಸರನ್ನು ಕೇಳಿದ್ದು ಅದೇ ಮೊದಲು. ಬಹಳ ದಿನ ಮಡಿಸಿಟ್ಟ ಸೀರೆ ಬಿಡಿಸಿದಾಗ ಮಡಿಕೆಯ ಗೆರೆ ಉಳಿದಿರುತ್ತದಲ್ಲ, ಹಾಗೆ ಮಧ್ಯದಲ್ಲಿ ಒಂದು ಕಡೆ ಸ್ವಲ್ಪ ತಡವರಿಸಿತು. ಗುಮಾಸ್ತರಿಗೆ ಇದೇನೂ ಗೊತ್ತಿಲ್ಲ. ಅವರು ಎಲ್ಲರಿಗೂ ಬರೆಯುವ ಹಾಗೆ ಒಂದಕ್ಷರ, ಒಂದು ಚುಕ್ಕೆ, ಪಕ್ಕದಲ್ಲಿ ರಂಗಮ್ಮಾಳ್ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋದರು. ಅವ್ವ ಮೇಜಿನ ಮೇಲೆ ಬಗ್ಗಿದಳು. ಅಲ್ಲಿದ್ದ ಅಕ್ಷರಗಳಲ್ಲಿ ಅವಳಿಗೆ ಗುರುತು ಸಿಕ್ಕಿದ್ದು ಒಂದೇ, ಮುಚ್ಚಳವಿಲ್ಲದ ಪೆಟ್ಟಿಗೆ. ಅದರ ಮೇಲೆ ಬೆರಳಿಟ್ಟಳು.

'ಸುರುಕ್ಕಾದೀಂಗ ಸಾಮಿ' ಎಂದಳು. 'ಮುಳುಸಾ ಎಳುದುಂಗ.' ಮೊಟಕು ಮಾಡಬೇಡಿ, ಪೂರ್ತಿ ಬರೆಯಿರಿ.

ಜಾಗ ಸಾಲದಮ್ಮ ಎಂದರು ಗುಮಾಸ್ತರು. ಅವ್ವ ಬೆರಳು ತೆಗೆಯಲಿಲ್ಲ. ಅವರು ಒಮ್ಮೆ ಅವಳ ಹಣೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಆಮೇಲೆ ಏನನ್ನಿಸಿತೋ, ಚುಕ್ಕೆಯನ್ನು ಹೊಡೆದು ಹಾಕಿ, ಗೆರೆಯಿಂದ ಆಚೆಗೆ, ಅಂಚಿನ ತನಕ ಸಣ್ಣ ಅಕ್ಷರದಲ್ಲಿ ಇಡೀ ಹೆಸರನ್ನು ಬರೆದರು. ಅವ್ವ ಓದಲು ಬಾರದವಳು ಆ ಸಾಲನ್ನು ಒಣಗುವ ತನಕ ನೋಡಿದಳು. 'ಸಾಮಿ' ಎಂಬ ಮಾತೂ ಅವಳ ಬಾಯಿಂದ ಬಂದಿತ್ತು ಎಂದು ನನಗೆ ಹೊಳೆದದ್ದು ಮೆಟ್ಟಿಲು ಇಳಿಯುವಾಗ.

ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಎದುರಿಗೆ ಒಂದು ಬಸ್ಸು ಬಂದು ನಿಂತು, ಜನ ಹತ್ತಿ ಇಳಿದು, ಮತ್ತೆ ಹೊರಟಿತು. ಅದು ಎಲ್ಲಿಗೆ ಹೋಗುವುದು ಎಂದು ಅವ್ವ ಕೇಳಿದಳು. ಪಳನಿಗೆ ಎಂದೆ. 'ಪಳನಿ' ಎಂದಳು ಅವ್ವ. ಆಮೇಲೆ, ಯಾರಿಗೆಂದೂ ಅಲ್ಲದೆ, 'ಪಳನಿಸಾಮಿ' ಎಂದಳು. ಪಕ್ಕದಲ್ಲಿ ಕಡಲೆಕಾಯಿ ಮಾರುವವನು ತನ್ನನ್ನೇ ಕರೆದರೆಂದು ತಿರುಗಿ ನೋಡಿದ. ಅವ್ವ ಅವನ ಕಡೆ ನೋಡಲಿಲ್ಲ. ಇನ್ನೊಮ್ಮೆ, ಈ ಸಲ ಎಲ್ಲೂ ತಡವರಿಸದೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸಿ ಅಭಿಪ್ರಾಯ ಕೇಳುವವಳ ಹಾಗೆ ಕೇಳಿದಳು:

'ಹೆಸ್ರು ಚೆನ್ನಾಗಿತ್ತಲ್ಲ ಕಣ್ಣು, ನಿಮ್ಮಪ್ಪಂದು?'